ಮಳೆಗೆ ತೆಗೆದ ಬಟ್ಟೆ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ವೈದ್ಯಾಧಿಕಾರಿಗಳೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ನನ್ನನ್ನು ಹೊಗಳಿ ಹೊಗಳಿ ನನಗೇ ನಾನು ಯಾರೆಂಬ ಅನುಮಾನ ಬರುವಂತೆ ಮಾಡಿದ ಮೇಟ್ರನ್ ಮೇಡಂ ಅವರೇ, ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿರುವ ನಮ್ಮೆಲ್ಲರ ದೊಡ್ಡ ಸಿಸ್ಟರ್ ಅವರೇ, ವೈದ್ಯರೇ, ದಾದಿಯರೇ, ಅಡುಗೆಮನೆಯ ಬಂಧುಗಳೇ, ಗೇಟಿನ ಕಾವಲಿನವರೇ, ಆಕಾಶದಲ್ಲಿ ಮೋಡ ಕಂಡದ್ದೇ ತಡ ಬಾಗಿಲ ಪಕ್ಕದ ಕುರ್ಚಿಗಳನ್ನೇ ಹಿಡಿದು ಕುಳಿತಿರುವ ನನ್ನ ಲಾಂಡ್ರಿಯ ಹುಡುಗಿಯರೇ, ಮತ್ತು ಎಲ್ಲ ಸಭಿಕರೇ.

ಐದು ನಿಮಿಷ ಮಾತಾಡಿ ಎಂದು ಹೇಳಿದ್ದಾರೆ. ಮೂವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡು ಬಟ್ಟೆ ಒಗೆದವಳಿಗೆ ಐದು ನಿಮಿಷ. ಅದೂ ಆಗಲಿ. ನನ್ನ ಕೈಗೆ ಈಗಷ್ಟೇ ಒಂದು ಗೋಡೆ ಗಡಿಯಾರ ಕೊಟ್ಟಿದ್ದೀರಿ. ಕೆಲಸದಿಂದ ಬಿಡುಗಡೆಯಾಗುವವರಿಗೆ ಗಡಿಯಾರ ಕೊಡುವ ಪದ್ಧತಿಯನ್ನು ಯಾವ ಪುಣ್ಯಾತ್ಮ ಶುರುಮಾಡಿದನೋ ನನಗೆ ತಿಳಿಯದು. ಹೊತ್ತು ನೋಡಬೇಕಾದ ಕಾಲದಲ್ಲಿ ನಮ್ಮ ಲಾಂಡ್ರಿಯ ಗಡಿಯಾರ ಸದಾ ಕೆಟ್ಟಿರುತ್ತಿತ್ತು. ಈಗ ಹೊತ್ತು ನೋಡುವ ಅಗತ್ಯವೇ ಇಲ್ಲ, ಹೊಸ ಗಡಿಯಾರ ಬಂದಿದೆ. ಸಂತೋಷ. ನಿಮ್ಮ ಪ್ರೀತಿ ದೊಡ್ಡದು.

ಮೇಟ್ರನ್ ಮೇಡಂ ಅವರು ತಮ್ಮ ಮಾತಿನಲ್ಲಿ ಒಂದು ವಿಷಯವನ್ನು ಮತ್ತೆ ಮತ್ತೆ ಹೇಳಿದರು. ಈಯಮ್ಮ ಇಷ್ಟು ವರ್ಷದಲ್ಲಿ ಒಂದೇ ಒಂದು ದಿನ ರಜೆ ಹಾಕಲಿಲ್ಲ, ಹಬ್ಬ ಅನ್ನಲಿಲ್ಲ, ಜ್ವರ ಅನ್ನಲಿಲ್ಲ, ಇವರ ಕರ್ತವ್ಯನಿಷ್ಠೆ ನಮಗೆಲ್ಲ ಮಾದರಿ ಎಂದರು. ನೀವೂ ಚಪ್ಪಾಳೆ ತಟ್ಟಿದಿರಿ. ರಜೆ ಹಾಕಲಿಲ್ಲ ಎನ್ನುವುದು ನಿಜ. ಆದರೆ ಸಭಿಕರೇ, ಅದು ಕರ್ತವ್ಯನಿಷ್ಠೆಯೇ? ಆ ಮಾತನ್ನು ಗಡಿಯಾರದ ಜೊತೆಗೆ ಕಟ್ಟಿಕೊಂಡು ಮನೆಗೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಆದ್ದರಿಂದ ನಾನು ಯಾಕೆ ರಜೆ ಹಾಕಲಿಲ್ಲ ಎಂಬುದನ್ನು ಹೇಳಿ ಕೂರುತ್ತೇನೆ. ಐದು ನಿಮಿಷದಲ್ಲಿ ಮುಗಿಯುವುದಿಲ್ಲ, ಅಧ್ಯಕ್ಷರು ದಯವಿಟ್ಟು ಕ್ಷಮಿಸಬೇಕು.

ಇಲ್ಲಿ ಕುಳಿತಿರುವವರಲ್ಲಿ ಅರ್ಧದಷ್ಟು ಜನ ಆ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ. ಹೊರಗಿನ ದಂಡು ಬಂದು ನಮ್ಮ ಊರುಗಳನ್ನು ಹಿಡಿದುಕೊಂಡಿತ್ತು. ನಾವು ಕೆಲವರು ಗುಡ್ಡ ಹತ್ತಿದೆವು. ನನಗೆ ಆಗ ಹತ್ತೊಂಬತ್ತು. ಬಂದೂಕು ಹಿಡಿಯುವವರಲ್ಲಿ ಮೀಸೆ ಮೂಡಿದವರು ಕಡಿಮೆ. ಗುಡ್ಡದ ಹುಡುಗರು ಎಂದು ಜನ ನಮ್ಮನ್ನು ಕರೆಯುತ್ತಿದ್ದರು, ಹುಡುಗಿಯರನ್ನೂ ಸೇರಿಸಿಯೇ. ಏಳು ವರ್ಷ ಕಳೆದು ದಂಡು ಹೊರಟುಹೋಯಿತು. ನಾವು ಇಳಿದು ಬಂದೆವು. ಇದೇ ರಸ್ತೆಯಲ್ಲಿ ಜನ ನಮ್ಮ ಮೇಲೆ ಹೂವು ಎರಚಿದರು. ಅಷ್ಟು ಹೂವು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಹೂವು ಒಣಗಲು ಎಷ್ಟು ದಿನ ಬೇಕು? ಅಷ್ಟೇ ದಿನ. ಆಮೇಲೆ ಕೆಲಸ ಕೇಳಲು ಹೋದೆವು. ಹೂವು ಎರಚಿದ ಕೈಗಳೇ ಬಾಗಿಲ ಚಿಲಕದ ಮೇಲಿದ್ದವು. ಇದಕ್ಕೆ ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಎಲ್ಲ ಕಡೆಯೂ ಕೇಳುತ್ತಿದ್ದರು. ನಮ್ಮ ಜೊತೆಗೆ ಗುಂಡಣ್ಣ ಇದ್ದ. ನಿಮ್ಮಲ್ಲಿ ಹಳಬರಿಗೆ ಗೊತ್ತು, ನಮ್ಮ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ತೀರಿಹೋಗಿ ಎರಡು ವರ್ಷವಾಯಿತು. ಅವನು ಒಂದು ಕಚೇರಿಯಲ್ಲಿ, “ಸೇತುವೆ ಕೆಲಸ ಮಾಡ್ತಿದ್ದೆ ಸ್ವಾಮೀ” ಎಂದನಂತೆ. ಅವರಿಗೆ ಖುಷಿಯಾಗಿ, “ಓ, ಕಟ್ಟೋ ಕೆಲಸಾನಾ?” ಎಂದರು. “ಇಲ್ಲ, ಬೀಳ್ಸೋ ಕೆಲಸ” ಎಂದ. ನಗಿ, ನಗಿ. ನಾವೂ ಆಗ ನಕ್ಕೆವು. ಆದರೆ ಗುಂಡಣ್ಣ ಅವತ್ತು ಊಟ ಮಾಡಲಿಲ್ಲ.

ಕೊನೆಗೆ ನಮ್ಮನ್ನು ಒಳಗೆ ಕರೆದವರು ದೊಡ್ಡ ಸಿಸ್ಟರ್. ಯುದ್ಧದಲ್ಲಿ ಆಸ್ಪತ್ರೆಯ ಲಾಂಡ್ರಿಯ ಮಾಡು ಸುಟ್ಟುಹೋಗಿತ್ತು, ಒಗೆಯುವವರು ಚದುರಿಹೋಗಿದ್ದರು. ಸಿಸ್ಟರ್ ನಮ್ಮನ್ನು ಕಲ್ಲಿನ ತೊಟ್ಟಿಯ ಮುಂದೆ ನಿಲ್ಲಿಸಿ, “ನಿಮಗೆ ಬಟ್ಟೆ ಒಗೆಯೋಕೆ ಬರುತ್ತಾ?” ಎಂದು ಕೇಳಿದರು. ರಕ್ತದ ಕಲೆಯಾದ ಒಂದು ಚಾದರ ಎತ್ತಿ ಕೊಟ್ಟರು. ನಾವೆಲ್ಲರೂ ಬಿಸಿನೀರಿನ ಹಂಡೆ ಬಿಟ್ಟು ತಣ್ಣೀರಿನ ತೊಟ್ಟಿಯ ಕಡೆಗೆ ನಡೆದೆವು. ರಕ್ತಕ್ಕೆ ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ, ತಣ್ಣೀರೇ ಆಗಬೇಕು. ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಕಂಡ ಸಿಸ್ಟರ್, “ಇವತ್ತಿನಿಂದಲೇ ಶುರುಮಾಡಿ” ಎಂದರು.

ಒಗೆಯುವುದೇನೋ ಸರಿ. ಒಣಗಿಸುವುದರಲ್ಲಿ ನಮ್ಮ ಗುಟ್ಟು ರಟ್ಟಾಯಿತು. ಲಾಂಡ್ರಿಯ ಹಿಂದೆ ಅಷ್ಟು ದೊಡ್ಡ ಅಂಗಳ, ತುಂಬ ಬಿಸಿಲು, ಕಂಬದಿಂದ ಕಂಬಕ್ಕೆ ಗುಂಡಣ್ಣ ಕಟ್ಟಿದ ಹೊಸ ಹಗ್ಗ. ನಾವು ಮಾಡಿದ್ದೇನು? ಚಾದರಗಳನ್ನು ಮರದ ಕೆಳಗಿನ ನೆರಳಿನಲ್ಲಿ ಹರಡಿದೆವು, ಗೋಡೆಯ ಹಿಂದೆ ನೇತುಹಾಕಿದೆವು, ಬಾಯ್ಲರ್ ಕೋಣೆಯೊಳಗೆ ತುರುಕಿದೆವು. ಬಯಲಿಗೆ ಒಂದು ತುಂಡು ಬಟ್ಟೆಯನ್ನೂ ತರಲಿಲ್ಲ. ಒಂದು ವಾರಕ್ಕೆ ಆಸ್ಪತ್ರೆಯ ಚಾದರವೆಲ್ಲ ಮುಗ್ಗಲು ವಾಸನೆ. ರೋಗಿಗಳು ಮೂಗು ಮುಚ್ಚಿಕೊಂಡು ಮಲಗುವ ಹಾಗಾಯಿತು. ಸಿಸ್ಟರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನ್ರಮ್ಮಾ ಇದು? ಬಿಸಿಲಿಗೇನು ಬರಗಾಲ ಬಂದಿದೆಯಾ? ನೆರಳಲ್ಲಿ ಬಟ್ಟೆ ಒಣಗಿಸೋರನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ!” ಎಂದರು.

ಏನು ಹೇಳುವುದು ಅವರಿಗೆ? ಗುಡ್ಡದಲ್ಲಿ ಬಯಲಿನಲ್ಲಿ ಬಟ್ಟೆ ಹರಡುವುದೆಂದರೆ, ಮೇಲಿನಿಂದ ನೋಡುವವರಿಗೆ ನಾವು ಇಷ್ಟು ಜನ ಇಲ್ಲಿದ್ದೇವೆ ಬನ್ನಿ ಎಂದು ಕೂಗಿ ಹೇಳಿದ ಹಾಗೆ. ಬಿಳಿ ಬಟ್ಟೆಯಂತೂ ಕೇಳಲೇಬೇಡಿ. ಏಳು ವರ್ಷ ಒದ್ದೆ ಬಟ್ಟೆಯನ್ನು ಮೈಮೇಲೆಯೇ ಒಣಗಿಸಿಕೊಂಡವರು ನಾವು. ಯುದ್ಧ ಮುಗಿದಿದೆ ಎಂದು ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಆಗ ಮೊದಲ ಚಾದರವನ್ನು ಬಯಲಿನ ಹಗ್ಗಕ್ಕೆ ಹಾಕಿದವನು ನನ್ನ ತಮ್ಮ.

ನನಗೊಬ್ಬ ತಮ್ಮ ಇದ್ದ ಎಂಬುದು ಈ ಸಭೆಯಲ್ಲಿ ದೊಡ್ಡ ಸಿಸ್ಟರ್ ಬಿಟ್ಟರೆ ಬಹುಶಃ ಯಾರಿಗೂ ಗೊತ್ತಿಲ್ಲ. ನಾನು ಗುಡ್ಡ ಹತ್ತಿದ ಮಾರನೆಯ ವರ್ಷ ನನ್ನನ್ನು ಹುಡುಕಿಕೊಂಡು ಬಂದ. ಹದಿನೈದು ವಯಸ್ಸು, ಕಡ್ಡಿಯಂಥ ಕಾಲು. ಒಂದೇ ಮನೆಯವರು ಒಂದೇ ಗುಂಪಿನಲ್ಲಿರಬಾರದು ಎಂಬ ನಿಯಮ ನಮ್ಮಲ್ಲಿತ್ತು. ಆದರೆ ಗುಂಪಿನವರೆಲ್ಲರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವನೂ ಅಕ್ಕಾ ಎಂದ. ಅಷ್ಟೊಂದು ತಮ್ಮಂದಿರ ನಡುವೆ ನಿಜವಾದ ತಮ್ಮ ಯಾರೆಂದು ಯಾರಿಗೂ ಹೊಳೆಯಲಿಲ್ಲ. ಮಿಂಚುಳ್ಳಿ ಎಂದು ಅವನಿಗೆ ಹೆಸರಿಟ್ಟರು. ಮಿಂಚುಳ್ಳಿಯ ಹಾಗೆ ಅಲ್ಲಾಡದೆ ಕೂತಿರುತ್ತಿದ್ದ, ನೋಡನೋಡುತ್ತಿದ್ದ ಹಾಗೆ ಮಾಯ. ಅವನಿಗೆ ಸುದ್ದಿ ಒಯ್ಯುವ ಕೆಲಸ ಕೊಟ್ಟರು.

ಸುದ್ದಿ ಒಯ್ಯುವವನು ಊರೊಳಗೆ ನಮಗೆ ಬೇಕಾದವರ ಮನೆಗಳಿಗೆ ಹೋಗಬೇಕು. ಆ ಮನೆಯಲ್ಲಿ ಸೈನಿಕರು ಹೊಕ್ಕು ಕುಳಿತಿದ್ದಾರೋ ಇಲ್ಲವೋ ದೂರದಿಂದ ತಿಳಿಯುವುದು ಹೇಗೆ? ಅದಕ್ಕೆ ಒಂದು ಗುರುತು ಇತ್ತು. ಹಿತ್ತಿಲ ಹಗ್ಗದ ಮೇಲೆ ಬಟ್ಟೆ ಇದ್ದರೆ, ಬಾ, ಹೆದರಿಕೆಯಿಲ್ಲ. ಹಗ್ಗ ಖಾಲಿ ಇದ್ದರೆ, ಬರಬೇಡ. ಅಷ್ಟೇ. ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ ಎನ್ನುತ್ತಾರೆ. ನಮಗೆ ಹಗ್ಗ ಕಂಡರೆ ಭಯವಿರಲಿಲ್ಲ, ಖಾಲಿ ಹಗ್ಗ ಕಂಡರೆ ಭಯ.

ಒಂದು ಸಂಜೆ ನನ್ನ ತಮ್ಮ ಮತ್ತು ಅವನ ಜೊತೆಗಾರ, ಇಬ್ಬರೂ ಎರಡು ದಿನದಿಂದ ಉಪವಾಸ, ಒಬ್ಬ ಮುದುಕಿಯ ಮನೆಯ ಹಿತ್ತಿಲಿಗೆ ಬಂದರು. ಹಗ್ಗ ಖಾಲಿ ಇತ್ತು. ಆದರೆ ಆಗತಾನೆ ಒಂದು ಮಳೆ ಸುರಿದು ನಿಂತಿತ್ತು. ಒಲೆಯ ಹೊಗೆ ಕಾಣುತ್ತಿತ್ತು. ಜೊತೆಗಾರ, “ಬೇಡ ಕಣೋ, ವಾಪಸ್ ಹೋಗೋಣ” ಎಂದ. ನನ್ನ ತಮ್ಮ, “ಮಳೆಗೆ ತೆಗೆದಿರ್ತಾಳೆ ಬಿಡೋ ಅಜ್ಜಿ. ಬಾ” ಎಂದ. ಅಜ್ಜಿ ಮಳೆಗೆ ತೆಗೆದಿರಲಿಲ್ಲ. ಒಳಗೆ ಸೈನಿಕರಿದ್ದರು. ಇವನು ಬೇಲಿ ಹಾರಿದ. ಜೊತೆಗಾರನಿಗೆ ಹಾರಲಾಗಲಿಲ್ಲ. ಅಜ್ಜಿಯ ಮನೆಯನ್ನೂ ಅವರು ಉಳಿಸಲಿಲ್ಲ.

ನನ್ನ ಹತ್ತಿರ ಬಂದು ಕೂತು ಒಂದೇ ಮಾತು ಹೇಳುತ್ತಿದ್ದ. “ಮಳೆಗೆ ತೆಗೆದಿರ್ತಾಳೆ ಅಂದ್ಕೊಂಡೆ ಅಕ್ಕಾ.” ಎಷ್ಟು ಸಲ ಹೇಳಿದನೋ. ಆಮೇಲೆ ಒಂದು ದಿನ ಹೇಳುವುದನ್ನು ನಿಲ್ಲಿಸಿದ. ನಿಲ್ಲಿಸಿದ ಎಂದರೆ ಮರೆತ ಎಂದು ನಾನು ತಿಳಿದೆ.

ಅಂಥವನು, ನಾವೆಲ್ಲ ಬಾಯ್ಲರ್ ಕೋಣೆಯಲ್ಲಿ ಬಟ್ಟೆ ಬಚ್ಚಿಡುತ್ತಿದ್ದಾಗ, ಒಂದು ಬೆಳಿಗ್ಗೆ ಬಿಳಿ ಚಾದರ ಕೊಡವಿಕೊಂಡು ಬಯಲಿನ ನಡುವೆ ಹೋಗಿ ಹಗ್ಗಕ್ಕೆ ಹಾಕಿದ. “ನೋಡಕ್ಕಾ, ಈಗ ನಮ್ಮನೆ ಹಗ್ಗದಲ್ಲೂ ಬಟ್ಟೆ ಇದೆ. ಯಾರು ಬೇಕಾದ್ರೂ ಬರ್ಬಹುದು” ಎಂದ. ಅವನ ಹಿಂದೆ ನಾವೂ ಒಬ್ಬೊಬ್ಬರಾಗಿ ಬಿಸಿಲಿಗೆ ಇಳಿದೆವು. ಅಂಗಳ ತುಂಬ ಬೆಳ್ಳಗೆ ಬಟ್ಟೆ. ಸಿಸ್ಟರ್ ಮಹಡಿಯ ಕಿಟಕಿಯಿಂದ ಚಪ್ಪಾಳೆ ತಟ್ಟಿದರು.

ಅವನ ಕೆಲಸ ವಾರ್ಡುಗಳಿಂದ ಬಟ್ಟೆಯ ಗಾಡಿ ತಳ್ಳುವುದು, ಪೇಟೆಯಿಂದ ಸೋಪು, ಸೋಡಾ, ನೀಲಿ ತರುವುದು. ಎಲ್ಲರೂ ಅವನು ಚೆನ್ನಾಗಿ ಹೊಂದಿಕೊಂಡ ಎನ್ನುತ್ತಿದ್ದರು. ಹೊಂದಿಕೊಂಡಿದ್ದನೇ? ಮಂಚದ ಮೇಲೆ ಮಲಗುತ್ತಿರಲಿಲ್ಲ. ಸಂಜೆ ಶಾಲೆಗೆ ಸೇರಿಸಿದೆ, ಹೋದ. ಬಾಗಿಲ ಪಕ್ಕದಲ್ಲೇ ಕೂರುತ್ತಾನೆ, ಬೋರ್ಡು ನೋಡುವುದಿಲ್ಲ, ಬಾಗಿಲು ನೋಡುತ್ತಾನೆ ಎಂದು ಮೇಷ್ಟ್ರು ಹೇಳಿ ಕಳಿಸಿದರು. ಆರು ವರ್ಷ ಊರಿಗೆಲ್ಲ ಬೇಕಾಗಿದ್ದವನಿಗೆ, ಪಾಪ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಮಗ್ಗಿ ಬರೆಯುವುದು ಬೇಸರವೋ, ನಾಚಿಕೆಯೋ. ಇನ್ನೊಂದು ಅಭ್ಯಾಸವಿತ್ತು. ಪೇಟೆಯಿಂದ ಬರುವಾಗ ಗೇಟಿನ ಹತ್ತಿರ ಒಂದು ಕ್ಷಣ ನಿಲ್ಲುತ್ತಿದ್ದ. ಅಲ್ಲಿಂದ ನೇರ ನೋಡಿದರೆ ನಮ್ಮ ಅಂಗಳದ ಹಗ್ಗ ಕಾಣುತ್ತದೆ. ನೋಡಿ, ಆಮೇಲೆ ಒಳಗೆ ಬರುತ್ತಿದ್ದ. ಬಿಸಿಲಿನ ದಿನ ಅಂಗಳ ಎಂದೂ ಖಾಲಿ ಇರುತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಬಟ್ಟೆಗೆ ಬರವೇ? ಮಳೆಗಾಲಕ್ಕೆ ಬೇಕಾದ ಸಾಮಾನನ್ನು ಮೊದಲೇ ತಂದಿಡುತ್ತಿದ್ದ, ಆಗ ಪೇಟೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು.

ಇನ್ನು ಹೇಳಬೇಕಾದ್ದು ಒಂದು ಮಧ್ಯಾಹ್ನದ ವಿಷಯ. ಒಂದು ಲೋಟ ನೀರು ಕೊಡಿ. ಉಪಕಾರವಾಯಿತು.

ಒಳ್ಳೆಯ ಬಿಸಿಲಿತ್ತು. ಹಗ್ಗಗಳ ತುಂಬ ಚಾದರ. ಇದ್ದಕ್ಕಿದ್ದ ಹಾಗೆ ಗಾಳಿ ಎದ್ದು, ದಪ್ಪ ದಪ್ಪ ಹನಿ ಬಿತ್ತು. ಎಂದೂ ಬರದ ಕಾಲದಲ್ಲಿ ಬಂದ ಮಳೆ. ದೊಡ್ಡ ಸಿಸ್ಟರ್ ವರಾಂಡದಿಂದ, “ಬನ್ರೋ, ಬನ್ರೇ, ಮಳೆ ಬಂತು! ಬಟ್ಟೆ ತೆಗೀರಿ!” ಎಂದು ಕೂಗುತ್ತಾ ಅಂಗಳಕ್ಕೆ ಧುಮುಕಿದರು. ನಾವೂ ಓಡಿದೆವು. ಗುಂಡಣ್ಣ ಬಾಯ್ಲರ್ ಬಿಟ್ಟು ಬಂದ. ಗಾಳಿಗೆ ಹಾರಿದ ಒಂದು ಚಾದರ ಅವನನ್ನು ಪೂರ್ತಿ ಮುಚ್ಚಿಬಿಟ್ಟಿತು, ಅವನು ಅದರೊಳಗೇ ಸುತ್ತು ಹೊಡೆದು ಕೆಸರಿನಲ್ಲಿ ಕೂತ. ಸಿಸ್ಟರ್ ನಕ್ಕರು. ನಾನೂ ನಕ್ಕೆ. ಸಭಿಕರೇ, ನಾನು ಯುದ್ಧಕ್ಕೆ ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವತ್ತೇ ಮೊದಲು. ಬಯಲಿನಲ್ಲಿ, ಆಕಾಶದ ಕೆಳಗೆ, ಯಾವುದಕ್ಕೂ ಹೆದರದೆ, ಮಕ್ಕಳ ಹಾಗೆ ಕೂಗಾಡುತ್ತಾ ಓಡಾಡಿದ್ದು ಅವತ್ತೇ ಮೊದಲು. ನಾವು ಮತ್ತೆ ಮನುಷ್ಯರಾದೆವು ಎಂದು ನನಗೆ ಅನ್ನಿಸಿತು. ಒಂದು ಬಟ್ಟೆಯನ್ನೂ ನೆನೆಯಲು ಬಿಡಲಿಲ್ಲ. ಎಲ್ಲ ತೆಗೆದೆವು. ಹಗ್ಗ ಖಾಲಿ ಮಾಡಿದೆವು.

ಪೇಟೆಗೆ ಹೋಗಿದ್ದ ತಮ್ಮ ಮಳೆ ನಿಂತ ಮೇಲೂ ಬರಲಿಲ್ಲ. ಎಲ್ಲೋ ಮಾಡಿನ ಕೆಳಗೆ ನಿಂತಿರಬೇಕು ಎಂದುಕೊಂಡೆ. ಕತ್ತಲಾಗುವ ಹೊತ್ತಿಗೆ ಗೇಟಿನ ಕಾವಲಿನವರು, ಆಗಿನವರು, ಬಂದು ಒಂದು ಚೀಲ ಕೊಟ್ಟರು. ಸೋಪು, ಸೋಡಾ, ನೀಲಿಯ ಪೊಟ್ಟಣ. ಒಂದು ಹನಿಯೂ ತಾಗದ ಹಾಗೆ ಕಾವಲಿನ ಗೂಡಿನೊಳಗೆ ಇಟ್ಟುಹೋಗಿದ್ದ. ಕಾವಲಿನವರು ಹೇಳಿದರು: “ಬಂದು ನಿಂತ್ಕೊಂಡ. ಅಂಗಳದ ಕಡೆ ನೋಡ್ತಾ ಇದ್ದ. ‘ಎಲ್ಲಾ ತೆಗೆದುಬಿಟ್ಟಿದ್ದಾರೆ’ ಅಂದ. ‘ಮಳೆ ಬಂತಲ್ಲಪ್ಪಾ, ಅದಕ್ಕೆ ತೆಗೆದಿರ್ತಾರೆ’ ಅಂದೆ. ‘ಹಾಗಂತ ಒಂದ್ಸಲ ನಾನೂ ಅಂದ್ಕೊಂಡಿದ್ದೆ’ ಅಂದ. ಚೀಲ ಇಟ್ಟು ಹೋದ. ವಾಪಸ್ ಬರ್ತಾನೆ ಅಂದ್ಕೊಂಡೆ ತಾಯೀ.”

ಅವನು ಹೆದರಿ ಓಡಿದವನಲ್ಲ, ಇದನ್ನು ನೀವು ತಿಳಿಯಬೇಕು. ಒಳಗೆ ನಾವು ಸಿಕ್ಕಿಬಿದ್ದಿದ್ದೇವೆ, ತಾನು ಕಾಲಿಟ್ಟರೆ ತನ್ನಿಂದ ಇನ್ನೊಬ್ಬರ ಪ್ರಾಣ ಹೋಗುತ್ತದೆ ಎಂದುಕೊಂಡು ಹೋದ. ನಾವು ನಗುತ್ತಿದ್ದೆವು. ಅಂಗಳಕ್ಕೂ ಗೇಟಿಗೂ ನಡುವೆ ಇನ್ನೊಂದು ನೂರು ಹೆಜ್ಜೆ ಕಡಿಮೆ ಇದ್ದಿದ್ದರೆ ನಮ್ಮ ನಗು ಅವನಿಗೆ ಕೇಳಿಸುತ್ತಿತ್ತು. ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಸಿಸ್ಟರ್, ನೀವು ಅಳಬಾರದು. ನನ್ನ ತಮ್ಮ ಪಟ್ಟಣಕ್ಕೆ ಕೆಲಸ ಹುಡುಕಿಕೊಂಡು ಹೋದ ಎಂದು ನಿಮಗೆ ನಾನು ಹೇಳಿದ್ದು ಇದೇ ಕಾರಣಕ್ಕೆ. ಬಟ್ಟೆ ತೆಗೀರಿ ಎಂದು ಕೂಗಿದವರು ನೀವು. ಮಳೆ ಬಂದಾಗ ಬಟ್ಟೆ ತೆಗೆಯಿರಿ ಎನ್ನದವರು ಯಾರಿದ್ದಾರೆ ಈ ಲೋಕದಲ್ಲಿ? ಅದರಲ್ಲಿ ನಿಮ್ಮ ತಪ್ಪಿಲ್ಲ, ನನ್ನ ತಪ್ಪೂ ಇಲ್ಲ, ಅವನ ತಪ್ಪೂ ಇಲ್ಲ. ಯಾರ ತಪ್ಪೂ ಇಲ್ಲದೆ ಒಬ್ಬ ಮನುಷ್ಯ ಕಳೆದುಹೋಗಬಹುದು ಎಂಬುದನ್ನು ಒಪ್ಪಿಕೊಳ್ಳುವುದಕ್ಕೇ ನನಗೆ ಇಷ್ಟು ವರ್ಷ ಬೇಕಾಯಿತು. ಮೇಟ್ರನ್ ಮೇಡಂ, ಅವರಿಗೆ ಸ್ವಲ್ಪ ನೀರು ಕೊಡಿ.

ಹುಡುಕಿದೆವು. ಗುಂಡಣ್ಣ ಮತ್ತು ನಾನು ಬೆಳಿಗ್ಗೆ ಬಟ್ಟೆ ಹಾಕಿ ಹೊರಟರೆ ಸಂಜೆಗೆ ಬರುತ್ತಿದ್ದೆವು. ಹಳೆಯ ಮನೆಗಳು, ಗುಡ್ಡದ ಗವಿಗಳು, ಬಂದರಿನ ಹತ್ತಿರದ ಛತ್ರಗಳು. ಅಲ್ಲಿ ಕಂಡೆ ಎಂದು ಒಬ್ಬರು, ಇಲ್ಲಿ ಕಂಡೆ ಎಂದು ಇನ್ನೊಬ್ಬರು. ಹೋಗಿ ನೋಡಿದರೆ ಯಾರೋ ಬೇರೆ ತಾಯಿಯ ಮಗ. ಪೊಲೀಸರಿಗೂ ಹೇಳಿದೆವು. ವಯಸ್ಸಿಗೆ ಬಂದ ಗಂಡಸು, ಎಲ್ಲಿ ಬೇಕಾದರೂ ಹೋಗಬಹುದಲ್ಲಮ್ಮಾ ಎಂದರು. ಅದೂ ಸರಿಯೇ. ಅದಕ್ಕಾಗಿಯೇ ಅಲ್ಲವೇ ಏಳು ವರ್ಷ ಹೊಡೆದಾಡಿದ್ದು?

ಈಗ ರಜೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಗುರುತಿನಲ್ಲಿ ಇನ್ನೊಂದು ಮಾತಿತ್ತು. ಒಮ್ಮೆ ಖಾಲಿಯಾದ ಹಗ್ಗದ ಮೇಲೆ ಮಾರನೆಯ ದಿನ ಬಟ್ಟೆ ಕಂಡರೆ ನಂಬಬಾರದು. ಸೈನಿಕರೇ ಹಾಕಿಸಿರಬಹುದು. ದೂರದಲ್ಲಿದ್ದುಕೊಂಡು ನೋಡುತ್ತಿರಬೇಕು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಒಂದು ದಿನವೂ ತಪ್ಪದೆ ಬಟ್ಟೆ ಇದ್ದರೆ ಮಾತ್ರ ಒಳಗೆ ಬರಬಹುದು. ನಡುವೆ ಒಂದೇ ದಿನ ತಪ್ಪಿದರೂ ಲೆಕ್ಕ ಮತ್ತೆ ಮೊದಲಿನಿಂದ.

ಅವನು ಎಲ್ಲೋ ಇದ್ದುಕೊಂಡು ನೋಡುತ್ತಿದ್ದರೆ? ಇವತ್ತು ಒಂದು ದಿನ ನಾನು ಬರಲಿಲ್ಲ, ಹುಡುಗಿಯರು ಬೇಗ ಬಟ್ಟೆ ಮಡಚಿಟ್ಟರು, ಅವನ ಲೆಕ್ಕದಲ್ಲಿ ಇವತ್ತು ಕೊನೆಯ ದಿನವಾಗಿದ್ದರೆ? ಇದೇ, ಸಭಿಕರೇ, ನನ್ನ ಕರ್ತವ್ಯನಿಷ್ಠೆ. ಜ್ವರ ಬಂದಾಗಲೂ ಬಂದೆ. ನಮ್ಮಮ್ಮ ತೀರಿಕೊಂಡ ದಿನ ಬೆಳಿಗ್ಗೆ ಬಟ್ಟೆ ಹಾಕಿಯೇ ಹೋಗಿ ಮಣ್ಣು ಮಾಡಿ ಬಂದೆ. ಇದರ ನಡುವೆ ಬೇರೆ ಊರಿನ ಮೇಷ್ಟ್ರೊಬ್ಬರು ನನ್ನನ್ನು ಮದುವೆಯಾಗುತ್ತೇನೆ ಎಂದು ಕೇಳಿದ್ದರು. ಒಳ್ಳೆಯವರು, ಮೆಲ್ಲಗೆ ಮಾತಾಡುವವರು. “ಅಲ್ಲೂ ಆಸ್ಪತ್ರೆ ಇದೆ, ಅಲ್ಲೂ ಹಗ್ಗ ಕಟ್ಟಬಹುದು” ಎಂದರು. ಆದರೆ ಅವನು ನೋಡುವುದು ಈ ಗೇಟಿನಿಂದ. ಮೇಷ್ಟ್ರು ಬಹಳ ದಿನ ಕಾದರು. ಈಗ ಅವರಿಗೆ ಮೊಮ್ಮಕ್ಕಳಿದ್ದಾರೆ. ಯಾಕೆ ಈ ಮಾತು ಬಂತೋ ಕಾಣೆ, ಬಿಡಿ.

ಮಳೆಗಾಲದಲ್ಲಿ ಏನು ಮಾಡುವುದು? ಮಳೆಯಲ್ಲೂ ಒಂದು ಬಟ್ಟೆ ಇರಲೇಬೇಕಲ್ಲ. ಕೆಲಸಕ್ಕೆ ಬಾರದ ಒಂದು ಹಳೆಯ ಚಾದರಕ್ಕೆ ತೇಪೆ ಹಾಕಿ ಹಾಕಿ ಇಟ್ಟುಕೊಂಡೆ. ಆಸ್ಪತ್ರೆಯ ಸ್ವತ್ತು ಹಾಳುಮಾಡಿದಳು ಎನ್ನಬಾರದು ನೋಡಿ. ಎಲ್ಲ ತೆಗೆದ ಮೇಲೆ ಅದನ್ನು ಗೇಟಿಗೆ ಕಾಣುವ ಹಗ್ಗಕ್ಕೆ ಹಾಕುತ್ತಿದ್ದೆ. ಧೋ ಎಂದು ಸುರಿಯುವ ಮಳೆಯಲ್ಲಿ ಅದೊಂದು ತೊಟ್ಟಿಕ್ಕುತ್ತಾ ನೇತಾಡುತ್ತಿರುತ್ತಿತ್ತು. ಹೊಸದಾಗಿ ಬಂದ ದಾದಿಯರು “ಅಕ್ಕ ಮರೆತಿದ್ದಾರೆ” ಎಂದು ತೆಗೆಯಲು ಓಡುತ್ತಿದ್ದರು, ನಾನು ಗದರಿಸಿ ಹಿಂದಕ್ಕೆ ಕಳಿಸುತ್ತಿದ್ದೆ. ಅಕ್ಕನ ಮಳೆ ಚಾದರ ಎಂದು ನೀವು ನಗುತ್ತಿದ್ದಿರಿ. ನನಗೆ ಗೊತ್ತಿದೆ, ಅಲ್ಲಿ ತಲೆ ತಗ್ಗಿಸಬೇಡಿ, ನಗುವ ಹಾಗೆಯೇ ಇತ್ತು. ಗುಂಡಣ್ಣ ಮಾತ್ರ ಒಂದು ಸಲ ಕೇಳಿದ: “ಅಕ್ಕಾ, ನೀನು ಹಗ್ಗಕ್ಕೆ ಚಾದರ ಹಾಕಿದ್ದೀಯೋ, ನಿನ್ನನ್ನೇ ಹಾಕಿದ್ದೀಯೋ?” ಅವನಿಗೆ ಆಗ ಬೈದೆ.

ಅವನು ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಗೊತ್ತು. ಎಷ್ಟೋ ಅಮಾವಾಸ್ಯೆಗಳು ಬಂದು ಹೋದವು, ಒಂದು ದಿನವೂ ತಪ್ಪದೆ ಬಟ್ಟೆ ಇತ್ತು. ಬರುವವನಾಗಿದ್ದರೆ ಬಂದಿರುತ್ತಿದ್ದ. ಇದ್ದಿದ್ದರೆ ಬಂದಿರುತ್ತಿದ್ದ. ನೋಡಿ, ಆ ಮಾತನ್ನು ಇವತ್ತೇ ಮೊದಲು ಬಾಯಿಬಿಟ್ಟು ಹೇಳುತ್ತಿದ್ದೇನೆ.

ಈಗ ಆಸ್ಪತ್ರೆಗೆ ಒಣಗಿಸುವ ಯಂತ್ರ ಬಂದಿದೆ. ಅಧ್ಯಕ್ಷರೇ ನಿಂತು ತರಿಸಿದ್ದಾರೆ. ಗುಂಡಿ ಒತ್ತಿದರೆ ಬಿಸಿಲು, ಮಳೆಗಾಲದಲ್ಲೂ ಬಿಸಿಲು. ನನ್ನ ಹುಡುಗಿಯರ ಬೆನ್ನು ಉಳಿಯುತ್ತದೆ. ಯಂತ್ರ ಬೇಡ ಎನ್ನುವಷ್ಟು ಮೂರ್ಖಳು ನಾನಲ್ಲ. ಆದರೆ ನಾಳೆ ಕಂಬ ಕೀಳುತ್ತಾರೆ, ಅಂಗಳದಲ್ಲಿ ಗಾಡಿಗಳನ್ನು ನಿಲ್ಲಿಸುತ್ತಾರೆ ಎಂದು ಕೇಳಿದೆ. ಇವತ್ತು ಇಲ್ಲಿಗೆ ಬರುವಾಗ ಒಂದು ಮನವಿ ಸಿದ್ಧಮಾಡಿಕೊಂಡು ಬಂದೆ. ಎರಡು ಕಂಬ ಉಳಿಸಿ, ಒಂದು ಹಗ್ಗ ಉಳಿಸಿ, ನಾನಿಲ್ಲದ ಮೇಲೆ ಹುಡುಗಿಯರಲ್ಲಿ ಯಾರಾದರೊಬ್ಬಳು ದಿನಾ ಒಂದು ಚಾದರ ಹಾಕಲಿ ಎಂದು ಅಧ್ಯಕ್ಷರನ್ನು ಕೈಮುಗಿದು ಕೇಳುವುದೆಂದು. ಹುಡುಗಿಯರೂ ಕಾರಣ ಕೇಳದೆ ಒಪ್ಪಿದ್ದರು, ಅವರ ಹೊಟ್ಟೆ ತಣ್ಣಗಿರಲಿ.

ಈಗ ನಿಮ್ಮ ಮುಂದೆ ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ನನಗೇ ಅನ್ನಿಸುತ್ತಿದೆ, ಇದೆಂಥ ಆಸ್ತಿ ನಾನು ಈ ಮಕ್ಕಳಿಗೆ ಬಿಟ್ಟುಹೋಗುವುದು? ಇವಳು ಜ್ವರದಲ್ಲೂ ಬರಬೇಕೇ? ಅವಳು ಮದುವೆಯಾಗಿ ಬೇರೆ ಊರಿಗೆ ಹೋಗಬಾರದೇ? ನಮ್ಮ ಕಾಲದ ಯುದ್ಧವನ್ನು ನಾವು ಎರಡು ಸಲ ಮಾಡಿದೆವು, ಒಮ್ಮೆ ಗುಡ್ಡದಲ್ಲಿ, ಒಮ್ಮೆ ಮನೆಯಲ್ಲಿ. ಮೂರನೆಯ ಸಲ ಇವರು ಮಾಡುವುದು ಬೇಡ. ಅಧ್ಯಕ್ಷರೇ, ಕಂಬಗಳನ್ನು ಕೀಳಿಸಿ. ಮನವಿ ವಾಪಸ್.

ಮಾಡಿನ ಮೇಲೆ ಸದ್ದಾಗುತ್ತಿದೆ. ಹನಿ ಶುರುವಾಯಿತು.

ಹುಡುಗಿಯರು ಬಾಗಿಲ ಕಡೆ ನೋಡುತ್ತಿದ್ದಾರೆ, ನನ್ನ ಕಡೆಯೂ ನೋಡುತ್ತಿದ್ದಾರೆ. ಬೆಳಿಗ್ಗೆ ಕೊನೆಯ ಸಲ ಎಂದು ಅಂಗಳದ ತುಂಬ, ಮಳೆ ಚಾದರವನ್ನೂ ಸೇರಿಸಿ, ಹಾಕಿ ಬಂದಿದ್ದೇವೆ. ಏಳ್ರೇ, ಏನು ನೋಡ್ತಾ ಕೂತಿದ್ದೀರಿ? ಮಳೆ ಬಂತು, ಓಡಿ, ಬಟ್ಟೆ ತೆಗೀರಿ! ಎಲ್ಲಾ ತೆಗೀರಿ. ಹೂಂ, ಅದನ್ನೂ. ತೇಪೆ ಚಾದರಾನೂ ತೆಗೀರಿ. ಒಂದೂ ಬಿಡಬೇಡಿ. ಕೆಸರಿದೆ, ಜಾರೀತು ಜೋಕೆ.

ಕ್ಷಮಿಸಿ, ಸಭೆಯಲ್ಲಿ ಹೀಗೆ ಕೂಗಬಾರದು.

ಮನವಿ ವಾಪಸ್ ಎಂದೆ, ಆದರೆ ಅದರ ಜಾಗದಲ್ಲಿ ಒಂದು ಚಿಕ್ಕ ಕೋರಿಕೆ ಇಡುತ್ತೇನೆ. ಇದು ಅಧ್ಯಕ್ಷರಿಗಲ್ಲ, ನಿಮ್ಮೆಲ್ಲರಿಗೆ. ಎಂದಾದರೊಂದು ದಿನ ಆ ಗೇಟಿನ ಹತ್ತಿರ ಯಾರಾದರೂ ವಯಸ್ಸಾದ ಮನುಷ್ಯ ಒಳಗೆ ಬರದೆ ಸುಮ್ಮನೆ ಅಂಗಳದ ಕಡೆ ನೋಡುತ್ತಾ ನಿಂತಿದ್ದರೆ, ಅವನು ನನ್ನ ತಮ್ಮನೇ ಆಗಿರಬೇಕೆಂದಿಲ್ಲ. ಗುಡ್ಡದಿಂದ ಇಳಿದು ಇನ್ನೂ ಮನೆ ಸೇರದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ದೂರದಿಂದ ಕೂಗಬೇಡಿ, ಬಾಯಿಮಾತನ್ನು ನಾವು ನಂಬುವುದಿಲ್ಲ. ಹತ್ತಿರ ಹೋಗಿ. ಕೈ ಹಿಡಿದುಕೊಳ್ಳಿ. ಹಿಡಿದುಕೊಂಡು ಹೇಳಿ: “ಮಳೆ ಬಂತು, ಅದಕ್ಕೇ ಬಟ್ಟೆ ತೆಗೆದಿದ್ದಾರೆ. ಒಳಗೆ ಎಲ್ಲರೂ ಇದ್ದಾರೆ. ಬಾ.”

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆ, ಕೆಲಸ ಕೊಟ್ಟ ದೊಡ್ಡ ಸಿಸ್ಟರ್‌ಗೆ, ಗಡಿಯಾರ ಕೊಟ್ಟ ಆಡಳಿತದವರಿಗೆ, ಹಗ್ಗ ಕಟ್ಟಿದ ಗುಂಡಣ್ಣನಿಗೆ, ಮೊದಲ ಚಾದರ ಹಾಕಿದವನಿಗೆ, ಎಲ್ಲರಿಗೂ ನಾನು ಋಣಿ. ಹುಡುಗಿಯರು ಅಲ್ಲಿ ನಗುತ್ತಿರುವುದು ಇಲ್ಲಿಗೂ ಕೇಳಿಸುತ್ತಿದೆ. ಯಾರೋ ಕೆಸರಿನಲ್ಲಿ ಬಿದ್ದಿರಬೇಕು.

ನಮಸ್ಕಾರ.